ಮಳೆಗಾಲದ ಒಲೆಗೆ ಸೌದೆ

ಮಲೆನಾಡಿನ ಮನೆಗಳಲ್ಲಿ ಹೊಗೆಕೊಳವೆಯುಳ್ಳ, ಸೌದೆ ಉಳಿಸುವ ಅಸ್ತ್ರ ಒಲೆಗಳನ್ನೂ ಬಚ್ಚಲ ಹಂಡೆಯ ಒಲೆಗಳನ್ನೂ ಕಟ್ಟುವ, ದುರಸ್ತಿ ಮಾಡುವ ಕೆಲಸದಲ್ಲಿರುವ ನನಗೆ ಪ್ರತಿ ಆಷಾಢದಲ್ಲಿಯೂ ಬರುವ ದೂರು ಒಂದೇ: ಹೊಗೆಕೊಳವೆ ಎಳೆಯುತ್ತಿಲ್ಲ, ಅಡುಗೆಮನೆ ತುಂಬ ಹೊಗೆ. ಹೋಗಿ ನೋಡಿದರೆ ಹೆಚ್ಚಿನ ಮನೆಗಳಲ್ಲಿ ಕೊಳವೆಗೆ ಏನೂ ಆಗಿರುವುದಿಲ್ಲ, ಸೌದೆ ಹಸಿಯಾಗಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಈ ಒಲೆ ಸೌದೆಯನ್ನು ಉಳಿಸುವುದು ನಿಜ, ಆದರೆ ಒಣಗಿದ ಸೌದೆಯನ್ನು ಸಣ್ಣಗೆ ಸೀಳಿ ಹಾಕಿದಾಗ ಮಾತ್ರ.

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಲು ಸೌದೆಯ ಶಾಖದಲ್ಲಿ ಸುಮಾರು ಏಳನೆಯ ಒಂದು ಪಾಲು ಸಾಕು. ಆದ್ದರಿಂದ ನಷ್ಟ ಅಷ್ಟೇ ಎಂದು ಅನೇಕರು ತಿಳಿಯುತ್ತಾರೆ. ನಿಜವಾದ ನಷ್ಟ ಬೇರೆಡೆಯಿದೆ. ಆವಿಯಿಂದ ಉರಿಗೂಡು ತಣ್ಣಗಾಗಿ, ಮರದಿಂದ ಹೊರಡುವ ಅನಿಲಗಳು ಹೊತ್ತಿಕೊಳ್ಳದೆ ಹೊಗೆಯಾಗಿ ಹೋಗುತ್ತವೆ, ಮತ್ತು ಅವೇ ಕೊಳವೆಯ ಒಳಗೋಡೆಯಲ್ಲಿ ಅಂಟುಮಸಿಯಾಗಿ ಕೂತು, ಮುಂದೆಂದೋ ಒಂದು ದಿನ ಕೊಳವೆಯೊಳಗೇ ಬೆಂಕಿ ಹತ್ತಲು ಕಾರಣವಾಗುತ್ತವೆ.

ಅನ್ನ, ಹುರುಳಿ ಬೇಯಿಸಲು ನಿಧಾನವಾಗಿ ಉರಿದು ಕೆಂಡ ನಿಲ್ಲಿಸುವ ಅಕೇಶಿಯಾ, ಗಾಳಿಮರದಂಥ ಗಟ್ಟಿ ಸೌದೆ ಬೇಕು. ಹಾಲುವಾಣದಂಥ ಮೆದುಮರ ಭರ್ರನೆ ಉರಿದು ಬೂದಿಯಾಗುತ್ತದೆ. ಅಡಿಕೆ ಸೋಗೆ, ತೆಂಗಿನ ಗರಿಗಳು ಬೆಂಕಿ ಹೊತ್ತಿಸಲು ಸಾಕು. ಕರಟದ ಉರಿ ತೀಕ್ಷ್ಣವಾದುದರಿಂದ ಒಮ್ಮೆಗೆ ನಾಲ್ಕೈದಕ್ಕಿಂತ ಹೆಚ್ಚು ಹಾಕಬಾರದು. ಮೈ ಬಾವು ಬರಿಸುವ ಚೇರೆ ಮರ, ಕಣಗಿಲೆ, ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳನ್ನು ಒಲೆಗೆ ಹಾಕಲೇಬಾರದು, ಹಂಡೆಯ ಒಲೆಗೂ ಸಹ.

ಸೌದೆ ಒಣಗುವುದು ಹೆಚ್ಚಾಗಿ ಸೀಳಿದ ಮೈಯಿಂದ, ತೊಗಟೆಯಿಂದಲ್ಲ. ಆದ್ದರಿಂದ ಶಿವರಾತ್ರಿಯ ಒಳಗೇ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಬಿಸಿಲಲ್ಲಿ ಒಣಗಿಸಿ, ರೋಹಿಣಿ ಮಳೆಗೆ ಮೊದಲು ಸೌದೆ ಕೊಟ್ಟಿಗೆಗೆ ಸೇರಿಸಬೇಕು. ಗೆದ್ದಲು ಹತ್ತದಂತೆ ಕಲ್ಲಿನ ಮೇಲೆ ಅಡ್ಡ ಅಡಿಕೆದಬ್ಬೆ ಹಾಕಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಗೆ ತಾಗಿಸದೆ ಒಟ್ಟಬೇಕು. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಮೇಲೆ ಮಾತ್ರ ಮುಚ್ಚಿ, ಗಾಳಿ ಬರುವ ಬದಿಯನ್ನು ತೆರೆದಿಡಬೇಕು. ಒಟ್ಟಿಲಿಗೆ ಬರಿಗೈ ಹಾಕುವುದು ಬೇಡ, ಒಳಗೆ ಹಾವು, ಚೇಳು ಇರಬಹುದು.

ಒಣಗಿದೆಯೋ ಇಲ್ಲವೋ ಎಂಬುದಕ್ಕೆ ನಾನು ನಂಬುವುದು ತಕ್ಕಡಿಯನ್ನು. ಸೀಳಿದ ದಿನವೇ ಐದಾರು ತುಂಡುಗಳಿಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಆ ಹವೆಯಲ್ಲಿ ಅದಕ್ಕಿಂತ ಹೆಚ್ಚು ಒಣಗದು. ಹಾಗೆ ಒಣಗಿದ ಸೌದೆಯೂ ಜುಲೈ ತಿಂಗಳ ಶೇ. 90ರ ಆಸುಪಾಸಿನ ತೇವದ ಗಾಳಿಯಲ್ಲಿ, ಸೂರಿನ ಕೆಳಗಿದ್ದರೂ, ಮತ್ತೆ ನೀರು ಹೀರಿ ಐದರಲ್ಲಿ ಒಂದು ಪಾಲಿನಷ್ಟು ತೇವಕ್ಕೆ ತಲುಪಬಹುದು. ಹಳೆಯ ಮನೆಗಳಲ್ಲಿ ಒಲೆಯ ಮೇಲಿದ್ದ, ಅದರ ಬಿಸಿಗೆ ಸೌದೆಯನ್ನು ಒಣದಾಗಿಡುತ್ತಿದ್ದ ಅಟ್ಟದ ಉಪಯೋಗ ಇಲ್ಲಿದೆ; ಹೊಸ ಅಡುಗೆಮನೆಗಳಲ್ಲಿ ಅದನ್ನು ಕೈಬಿಟ್ಟಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅಟ್ಟವಿಲ್ಲದವರು ಒಂದು ವಾರದ ಸೌದೆಯನ್ನು ಒಲೆಯ ಬಳಿ ಕಬ್ಬಿಣದ ಚೌಕಟ್ಟಿನಲ್ಲಿಟ್ಟು, ಬಳಸಿದಷ್ಟನ್ನು ದಿನವೂ ಕೊಟ್ಟಿಗೆಯಿಂದ ತುಂಬಿಕೊಳ್ಳಲಿ. ಒಲೆಯ ಬಾಯಿಯಿಂದಲೂ ಕೊಳವೆಯಿಂದಲೂ ಕನಿಷ್ಠ ಎರಡು ಮೊಳ ದೂರವಿರಲಿ.