ಜಿಯೋಲೈಟ್ ಹರಳಿನೊಳಗೆ ಶಾಖದ ಎರಡು ಕೆಲಸ

ಉಷ್ಣತೆಯನ್ನು 400 ಡಿಗ್ರಿ ಸೆಲ್ಸಿಯಸ್‌ನಿಂದ 450ಕ್ಕೆ ಏರಿಸಿದರೆ ಕ್ರಿಯೆಯ ವೇಗ ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ಕೇಳಿದಾಗ, ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು ಉಷ್ಣತೆಗೂ ಕ್ರಿಯೆಯ ವೇಗಕ್ಕೂ ಇರುವ ಸಂಬಂಧ ಹೇಳುವ ಅರೇನಿಯಸ್ ಸಮೀಕರಣವನ್ನು ಬರೆದು ಉತ್ತರ ತೆಗೆಯುತ್ತಾರೆ. ಸಕ್ರಿಯಣ ಶಕ್ತಿ, ಅಂದರೆ ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ತಡೆ, ಮೋಲ್‌ಗೆ 100 ಕಿಲೋಜೌಲ್ ಎಂದಿಟ್ಟುಕೊಂಡರೆ ಉತ್ತರ ಸುಮಾರು 3.4 ಪಟ್ಟು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕ್ರಿಯಾವರ್ಧಕವು ಅಣುವಿನಷ್ಟೇ ಸಣ್ಣ ರಂಧ್ರಗಳಿರುವ ಜಿಯೋಲೈಟ್ ಎಂಬ ಹರಳು ಆಗಿದ್ದಾಗ ಅಳತೆಗೆ ಸಿಗುವ ವೇಗ ಕೆಲವೊಮ್ಮೆ 2.2 ಪಟ್ಟಿನ ಹತ್ತಿರವೇ ನಿಂತುಬಿಡುತ್ತದೆ.

ಇದರ ಕಾರಣ ರಂಧ್ರದ ಅಳತೆಯಲ್ಲಿದೆ. ಝೆಡ್‌ಎಸ್‌ಎಂ-5 ಎಂಬ ಜಿಯೋಲೈಟ್ ಹರಳಿನ ಕಾಲುವೆಗಳ ಅಗಲ ಸುಮಾರು 0.55 ನ್ಯಾನೊಮೀಟರ್, ಬೆಂಜೀನ್ ಅಣುವಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಅಗಲವಾದ ರಂಧ್ರದಲ್ಲಿ ಗೋಡೆಯಿಂದ ಗೋಡೆಗೆ ಬಡಿಯುತ್ತ ಸಾಗುವ ಅನಿಲದ ವಿಸರಣ (ಅಣುಗಳು ಹರಡಿಕೊಂಡು ಸಾಗುವಿಕೆ) ಕೆಲ್ವಿನ್ ಉಷ್ಣತೆಯ ವರ್ಗಮೂಲದಂತೆ ಏರುವುದರಿಂದ, ಈ 50 ಡಿಗ್ರಿಗೆ ಅದು ಶೇ. 4ರಷ್ಟೂ ಹೆಚ್ಚುವುದಿಲ್ಲ. ಜಿಯೋಲೈಟ್‌ನೊಳಗಿನ ಅಣುವಿಗಾದರೋ ಗೋಡೆಯ ಹಿಡಿತ ತಪ್ಪುವುದೇ ಇಲ್ಲ. ಒಂದು ನೆಲೆಯಿಂದ ಇನ್ನೊಂದಕ್ಕೆ ಜಿಗಿಯಲು ಪ್ರತಿ ಸಲವೂ ಅದು ಶಕ್ತಿಯ ತಡೆಯೊಂದನ್ನು ದಾಟಬೇಕು. ಈ ಇಕ್ಕಟ್ಟು ಎಷ್ಟು ಸೂಕ್ಷ್ಮವೆಂದರೆ, ಪ್ಯಾರಾ-ಜೈಲೀನ್ ತನ್ನದೇ ಪರಮಾಣುಗಳಿಂದಾದ ಆರ್ಥೊ ಮತ್ತು ಮೆಟಾ ರೂಪಗಳಿಗಿಂತ ಸುಮಾರು ಸಾವಿರ ಪಟ್ಟು ಬೇಗ ಸಾಗುತ್ತದೆ.

ಈ ತಡೆ ಮೋಲ್‌ಗೆ 30 ಕಿಲೋಜೌಲ್ ಎನ್ನೋಣ. ಆಗ ಅದೇ 50 ಡಿಗ್ರಿಗೆ ವಿಸರಣ 1.45 ಪಟ್ಟು ಹೆಚ್ಚುತ್ತದೆ, ಕ್ರಿಯೆ ಮಾತ್ರ 3.4 ಪಟ್ಟು. ಶಾಖ ಎರಡಕ್ಕೂ ನೆರವಾದರೂ ಸಮನಾಗಿ ನೆರವಾಗುವುದಿಲ್ಲವಾದ್ದರಿಂದ, ಬಿಸಿ ಏರಿದಂತೆಲ್ಲ ಅಣುಗಳು ಹರಳಿನ ಅಂಚಿನಲ್ಲೇ ಮಾರ್ಪಟ್ಟು, ನಡುಭಾಗದ ಆಮ್ಲ ನೆಲೆಗಳು, ಅಂದರೆ ಕ್ರಿಯೆ ನಡೆಯುವ ಜಾಗಗಳು, ಕೆಲಸವಿಲ್ಲದೆ ಉಳಿಯುತ್ತವೆ. ಈ ಕೊರತೆ ತೀವ್ರವಾದಾಗ ವೇಗವು ಕ್ರಿಯೆ ಮತ್ತು ವಿಸರಣ ಎರಡರ ದರಗಳ ಗುಣಲಬ್ಧದ ವರ್ಗಮೂಲವನ್ನು ಅನುಸರಿಸುತ್ತದೆ. ಆಗ ತೋರಿಕೆಯ ಸಕ್ರಿಯಣ ಶಕ್ತಿ 100 ಮತ್ತು 30ರ ಸರಾಸರಿಯಾದ 65ಕ್ಕೆ ಇಳಿಯುತ್ತದೆ. ಮೇಲೆ ಹೇಳಿದ 2.2 ಪಟ್ಟು ಬರುವುದು ಹೀಗೆ.

ಆದರೆ ವೇಗದ ಲಾಗರಿತಮ್ ಅನ್ನು ಕೆಲ್ವಿನ್ ಉಷ್ಣತೆಯ ವಿಲೋಮದೆದುರು ಗುರುತಿಸಿದ ನಕ್ಷೆಯ ಗೆರೆ ಬಾಗಿದ ಮಾತ್ರಕ್ಕೆ ದೋಷವನ್ನು ವಿಸರಣದ ಮೇಲೆ ಹೊರಿಸಬಾರದು. ಅಣು ಒಳಗೋಡೆಗೆ ಅಂಟಿಕೊಳ್ಳುವಾಗ ಶಾಖ ಹೊರಬೀಳುತ್ತದೆ, ಹಾಗಾಗಿ ಬಿಸಿ ಏರಿದಾಗ ಅಂಟಿಕೊಂಡವುಗಳ ಸಂಖ್ಯೆ ಕುಗ್ಗುತ್ತದೆ. ಪ್ಯಾರಾಫಿನ್‌ಗಳನ್ನು (ಒಂದು ಬಗೆಯ ಹೈಡ್ರೋಕಾರ್ಬನ್‌ಗಳನ್ನು) ಒಡೆಯುವ ಕ್ರಿಯೆಯಲ್ಲಿ ನೆಲೆಗಳು ಬಹುಪಾಲು ಖಾಲಿಯಿದ್ದಾಗ, ನಾವು ಅಳೆಯುವ ಸಕ್ರಿಯಣ ಶಕ್ತಿ ನಿಜವಾದದ್ದಕ್ಕಿಂತ ಆ ಅಂಟುವಿಕೆಯ ಶಾಖದಷ್ಟು ಕಡಿಮೆ ಇರುತ್ತದೆ.

ವಿಸರಣದ ತೊಡಕು, ಅಂಟುವಿಕೆಯ ಪರಿಣಾಮ ಎರಡನ್ನೂ ಬೇರ್ಪಡಿಸಲು ನಾನು ನಂಬುವುದು ಹರಳಿನ ಗಾತ್ರದ ಪರೀಕ್ಷೆಯನ್ನು. ಹರಳುಗಳನ್ನು ಒತ್ತಿ ಮಾಡಿದ ಗುಳಿಗೆಯನ್ನು ಅರೆದು ನೋಡಿ ವೇಗ ಬದಲಾಗಲಿಲ್ಲವೆಂದು ನಿಶ್ಚಿಂತರಾಗುವವರನ್ನು ಬಹಳ ಕಂಡಿದ್ದೇನೆ. ಅರೆದಾಗ ಚಿಕ್ಕದಾಗುವುದು ಹರಳುಗಳ ನಡುವಿನ ದಾರಿ; ಹರಳಿನೊಳಗಿನ ದಾರಿ ಇದ್ದಷ್ಟೇ ಇರುತ್ತದೆ. ಆಮ್ಲ ನೆಲೆಗಳ ಸಾಂದ್ರತೆಯನ್ನು ಬದಲಿಸದೆ 2 ಮೈಕ್ರೊಮೀಟರ್ ಮತ್ತು 1 ಮೈಕ್ರೊಮೀಟರ್ ಹರಳುಗಳನ್ನು ಬೆಳೆಸಿ ಹೋಲಿಸಬೇಕು. ಗಾತ್ರ ಅರ್ಧವಾದರೆ ವಿಸರಣಕ್ಕೆ ಬೇಕಾದ ಕಾಲ ಕಾಲುಭಾಗಕ್ಕಿಳಿಯುವುದರಿಂದ, ವಿಸರಣದ ತೊಡಕಿದ್ದರೆ ಅದು ವೇಗದಲ್ಲಿ ಕಾಣಿಸಲೇಬೇಕು.

ಇನ್ನೊಂದು ಎಚ್ಚರ ಇಂಗಾಲದ ಮಡ್ಡಿಯದು. ಕಾವು ಹೆಚ್ಚಿದ್ದಾಗ ಅದು ರಂಧ್ರದ ಬಾಯಿ ಕಟ್ಟಿ ಗೆರೆಯನ್ನು ಇದೇ ರೀತಿ ಬಗ್ಗಿಸಬಲ್ಲದು. ಅದಕ್ಕಾಗಿ ಉಷ್ಣತೆಯನ್ನು ಹಂತಹಂತವಾಗಿ ಏರಿಸಿ, ಅದೇ ಹಂತಗಳಲ್ಲಿ ಇಳಿಸಿ, ಮೊದಲ ಅಳತೆಯನ್ನು ಮತ್ತೆ ತೆಗೆಯುತ್ತೇನೆ. ಏರುವಾಗಿನ ಬಿಂದುವಿನ ಮೇಲೆ ಇಳಿಯುವಾಗಿನ ಬಿಂದು ಕೂರದಿದ್ದರೆ, ಆ ನಕ್ಷೆಯಿಂದ ಸಕ್ರಿಯಣ ಶಕ್ತಿಯನ್ನು ಲೆಕ್ಕ ಹಾಕಲು ನಾನು ಒಪ್ಪುವುದಿಲ್ಲ.