ಮುತ್ಯಾನ ಮನೆಗೆ ಕಿರಾಣಿ ಅಂಗಡಿ ಎಷ್ಟು ದೂರ?

ಮೊಣಕಾಲು ನೋವು, ಎದ್ದು ನಿಂತರೆ ಜೋಲಿ. ಹೀಗೆಂದು ಫಿಸಿಯೋಥೆರಪಿಗೆ ಬರುವ ಹಿರಿಯರಲ್ಲಿ ಬ್ರಹ್ಮಪುರ, ಶಹಾಬಜಾರದಂಥ ಹಳೇ ಓಣಿ ಬಿಟ್ಟು, ಮಕ್ಕಳ ಜೊತೆ ಕಲಬುರಗಿ ರಿಂಗ್ ರೋಡ್ ಆಚೆಯ ಲೇಔಟ್‌ಗೆ ಹೋದವರೂ ಇರುತ್ತಾರೆ. ಅವರನ್ನು ನಾನು ತಪ್ಪದೇ ಕೇಳುತ್ತೇನೆ: ಕಿರಾಣಿ ಅಂಗಡಿ, ಮೆಡಿಕಲ್, ಗುಡಿ ಅಥವಾ ಮಸೀದಿ ನಡೆದು ಹೋಗುವಷ್ಟು ಹತ್ತಿರ ಇವೆಯಾ?

"ಎಲ್ಲಾ ದೂರ ಅದಾವ್ರಿ. ಬೇಕಾದ್ದು ನಾವೇ ತಂದು ಕೊಡ್ತೀವಿ" ಎನ್ನುತ್ತಾರೆ ಮಕ್ಕಳು. ಅವರ ಪ್ರೀತಿ ದೊಡ್ಡದು. ಆದರೆ ಹಾಲಿಗೆ, ಕೊತ್ತಂಬರಿಗೆ ಅಂತ ಮುತ್ಯಾ ನಡೆಯುತ್ತಿದ್ದದ್ದೇ ಅವರ ವ್ಯಾಯಾಮವಾಗಿತ್ತು. ಅದು ನಿಂತರೆ ತೊಡೆಯ ಸ್ನಾಯು ಸೊರಗುತ್ತದೆ. ಕುರ್ಚಿಯಿಂದ ಏಳುವುದು ಕಷ್ಟವಾಗುತ್ತದೆ. ಆಮೇಲೆ ಬೀಳುವ ಭಯ; ಭಯಕ್ಕೆ ನಡಿಗೆ ಇನ್ನೂ ಕಡಿಮೆ. ಅಂಗಡಿ ಮುಂದಿನ ಮಾತುಕತೆಯೂ ತಪ್ಪುತ್ತದೆ. ಒಂಟಿತನ ಮನಸ್ಸನ್ನಷ್ಟೇ ಅಲ್ಲ, ಹೃದಯವನ್ನೂ ಕಾಡುತ್ತದೆ.

65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತು ನಿಮಿಷದ ದಾರಿಯ ಅಂಗಡಿಗೆ ವಾರದಲ್ಲಿ ಐದು ದಿನ ಹೋಗಿ ಬಂದರೆ 100 ನಿಮಿಷ ಅಲ್ಲೇ ಆಯಿತು. ವಾಕಿಂಗ್ ಮಾಡಿ ಎಂದರೆ ಬೇಜಾರು ಪಡುವವರೂ ಬೆಲ್ಲ ಮುಗಿದಿದೆ ಎಂದರೆ ಚಪ್ಪಲಿ ಹಾಕುತ್ತಾರೆ.

ಅಂಗಡಿ ಹತ್ತಿರ ಇರುವ ಕಡೆ ಹಿರಿಯರು ಹೆಚ್ಚು ನಡೆಯುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಗಟ್ಟಿಮುಟ್ಟಾದವರೇ ಅಂಥ ಕಡೆ ಮನೆ ಮಾಡಿರಬಹುದು, ಹಾಗಾಗಿ ಎಲ್ಲವೂ ಅಂಗಡಿಯ ಪುಣ್ಯ ಅನ್ನಲಾಗದು. ಹತ್ತಿರ ಇದ್ದರಷ್ಟೇ ಸಾಲದು ಕೂಡ. ಫುಟ್‌ಪಾತ್ ಮೇಲೆ ಬೈಕ್ ನಿಂತಿದ್ದರೆ, ಚರಂಡಿಗೆ ಮುಚ್ಚಳ ಇಲ್ಲದಿದ್ದರೆ ನೂರು ಹೆಜ್ಜೆಯೂ ದೂರವೇ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇರುವವರು ದಾರಿಯಲ್ಲಿ ಶೌಚಾಲಯ ಇಲ್ಲ ಅಂತಲೇ ಹೊರಗೆ ಬರುವುದಿಲ್ಲ. ಇದನ್ನು ಅವರು ಮಕ್ಕಳ ಮುಂದೆ ಹೇಳುವುದೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಆದರೆ ಸ್ಟಾಪಿನವರೆಗೆ ನೆರಳೇ ಇಲ್ಲದಿದ್ದರೆ ಅವ್ವ ಹೇಗೆ ಹೋಗಬೇಕು?

ಮನೆ ಕೊಳ್ಳುವ ಮೊದಲು ಹಿರಿಯರನ್ನು ಕರೆದುಕೊಂಡು ಅಂಗಡಿವರೆಗೆ ಒಮ್ಮೆ ನಡೆದು ನೋಡಿ. ಈಗಾಗಲೇ ದೂರದಲ್ಲಿ ಇದ್ದೀರಾ? ಅಂಗಡಿವರೆಗೆ ಗಾಡಿಯಲ್ಲಿ ಬಿಡಿ, ಸಂತೆ ಅವರೇ ಮಾಡಲಿ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಗ್ಗೆ ಎಂಟರೊಳಗೆ ಹೋಗಿ ಬರಲಿ. ನಿಮ್ಮ ಓಣಿಯ ಅಂಗಡಿಯವರಿಗೆ ಒಂದು ಕಲ್ಲು ಬೆಂಚು ಹಾಕಿಸಲು ಹೇಳಿ, ಖರ್ಚಿಗೆ ನೀವೂ ಕೈಜೋಡಿಸಿ.