ಬಣ್ಣ ಹೋದ ಫೈಬರ್ ದೋಣಿಗೆ ಯಾವ ಪೇಂಟ್ ಹೊಡೆಸಬೇಕು?

ಪ್ರಶ್ನೆ: ನಮ್ಮಲ್ಲಿ ಸುಮಾರು 15 ವರ್ಷ ಹಳೆಯದಾದ ಕೆಂಪು ಫೈಬರ್ ದೋಣಿಯೊಂದಿದೆ. ಬಣ್ಣವೆಲ್ಲ ಹೋಗಿ ಬೂದಿ ಬಳಿದಂತೆ ಕಾಣುತ್ತದೆ, ಅಲ್ಲಲ್ಲಿ ಸಿಪ್ಪೆ ಏಳುತ್ತಿದೆ. ಎರಡು ಸಲ ಎನಾಮೆಲ್ ಹೊಡೆಸಿದರೂ ನಿಲ್ಲಲಿಲ್ಲ. ನೀರಿನಲ್ಲಿ ಬಾಳಿಕೆ ಬರುವ ಪೇಂಟ್ ಯಾವುದೆಂದು ದಯವಿಟ್ಟು ತಿಳಿಸಿ.

ಉತ್ತರ: ಕನ್ನಂಬಾಡಿಯ ಹಿನ್ನೀರು ಇಳಿದು ದೋಣಿಗಳು ದಡ ಹತ್ತುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕಬಿನಿಯ ಕಡೆಯಿಂದ ಬರುತ್ತದೆ, ಶ್ರೀರಂಗಪಟ್ಟಣದ ಕಡೆಯಿಂದ ಬರುತ್ತದೆ, ಕೆರೆಯಲ್ಲಿ ಪೆಡಲ್ ಬೋಟ್ ಇಟ್ಟುಕೊಂಡವರಿಂದಲೂ ಬರುತ್ತದೆ. ಕೇಳುವವರು ಬೇರೆ ಬೇರೆಯಾದರೂ ಪ್ರಶ್ನೆಯೊಳಗಿನ ತಪ್ಪು ಮಾತ್ರ ಒಂದೇ ಆಗಿರುವುದರಿಂದ, ಈ ಸಲ ಆ ತಪ್ಪನ್ನು ಬುಡಸಮೇತ ಕಿತ್ತು ಆಮೇಲೆ ಕೆಲಸದ ಮಾತಿಗೆ ಬರುತ್ತೇನೆ.

ನಿಮ್ಮ ದೋಣಿಗೆ ಬಹುಮಟ್ಟಿಗೆ ಯಾವ ಪೇಂಟೂ ಬೇಕಾಗಿಲ್ಲ. ಅದರ ಕೆಂಪು ಎಲ್ಲಿಗೂ ಹೋಗಿಲ್ಲ. ನಂಬಿಕೆ ಬಾರದಿದ್ದರೆ, ಎನಾಮೆಲ್ ತಾಗದೆ ಉಳಿದ ಒಂದು ಜಾಗವನ್ನು ಹುಡುಕಿ ಹೆಬ್ಬೆರಳಿನಿಂದ ಒತ್ತಿ ಉಜ್ಜಿ; ಸೀಮೆಸುಣ್ಣದಂಥ ನಸುಗೆಂಪು ಪುಡಿ ಬೆರಳಿಗೆ ಅಂಟುತ್ತದೆ. ಈಗ ಅಲ್ಲಿಗೇ ಒಂದು ಚೊಂಬು ನೀರು ಸುರಿಯಿರಿ. ನೀರು ಹರಿದಷ್ಟು ಅಗಲಕ್ಕೆ ಹಳೆಯ ಕೆಂಪು ಎದ್ದು ಬರುತ್ತದೆ, ನೀರು ಆರಿದಂತೆಲ್ಲ ಮತ್ತೆ ಬೂದಿಯಾಗುತ್ತದೆ. ಹೀಗೆ ಒದ್ದೆಯಾದಾಗ ಬಣ್ಣ ಮರಳುವ ದೋಣಿಯನ್ನು ಉಜ್ಜಿ ಸರಿಪಡಿಸಬಹುದು.

ಇದರ ಕಾರಣ ತಿಳಿಯಬೇಕಾದರೆ ದೋಣಿ ತಯಾರಾಗುವ ಕ್ರಮವನ್ನು ನೋಡಬೇಕು. ಅಚ್ಚಿಗೆ ಮೇಣ ತಿಕ್ಕಿ ಮೊಟ್ಟಮೊದಲು ಬಳಿಯುವುದೇ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ನಿನ, ಅಂದರೆ ಬಿಗಿದು ಕಲ್ಲಿನಂತಾಗುವ ಅಂಟುದ್ರವದ, ಪದರ. ಇದನ್ನೇ ಜೆಲ್‌ಕೋಟ್ ಎನ್ನುತ್ತಾರೆ. ಅದು ಬಿಗಿಯುತ್ತ ಬಂದಾಗ ಮೇಲೆ ಗಾಜಿನ ಎಳೆಗಳ ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ಪದರದ ಮೇಲೆ ಪದರ ಕಟ್ಟುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಮೊದಲು ಬಳಿದ ಪದರ ದೋಣಿಯ ಹೊರಮೈಯಾಗುತ್ತದೆ. ಅಂದರೆ ಫೈಬರ್ ದೋಣಿಯನ್ನು ಮಾಡಿ ಆಮೇಲೆ ಬಣ್ಣ ಹೊಡೆಯುವುದಿಲ್ಲ, ಬಣ್ಣದಿಂದಲೇ ದೋಣಿಯನ್ನು ಆರಂಭಿಸುತ್ತಾರೆ. ಈ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದು, ಮೇಲಿನಿಂದ ತಳದವರೆಗೆ ಒಂದೇ ಬಣ್ಣದ್ದಾಗಿರುತ್ತದೆ. ಒಂದು ಕೋಟ್ ಎನಾಮೆಲ್ ಒಣಗಿದ ಮೇಲೆ ಉಳಿಯುವುದು ಮಿಲಿಮೀಟರಿನ 100 ಪಾಲಿನಲ್ಲಿ ಮೂರೋ ನಾಲ್ಕೋ ಪಾಲು ಮಾತ್ರ.

ಈ ಅರ್ಧ ಮಿಲಿಮೀಟರಿನಲ್ಲಿ ಬಿಸಿಲು ಕೆಡಿಸುವುದು ಮೇಲಿನ ತೆಳುವಾದ ಭಾಗವನ್ನಷ್ಟೇ. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಾದ್ದರಿಂದ ಏಪ್ರಿಲ್ ಕೊನೆಯ ವಾರದ ಹೊತ್ತಿಗೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನಾವು ದೋಣಿಗಳನ್ನು ದಡದಲ್ಲಿ ಬೋರಲು ಹಾಕಿ ಬಿಡುವುದೂ ಸರಿಯಾಗಿ ಆ ಏಪ್ರಿಲ್ ತಿಂಗಳಲ್ಲೇ. ಬಿಸಿಲಿನ ಅತಿನೇರಳೆ ಕಿರಣಗಳು ರೆಸಿನ್ನನ್ನು ಮುರಿದಾಗ ಅದು ಹಿಡಿದಿಟ್ಟುಕೊಂಡಿದ್ದ ಬಣ್ಣದ ಕಣಗಳು ಸಡಿಲಗೊಂಡು ಪುಡಿಯಾಗಿ ಮೇಲೆ ಕೂರುತ್ತವೆ. ತರಿತರಿಯಾದ ಆ ಮೈಯ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ನಮ್ಮ ಕಣ್ಣಿಗೆ ಬೂದಿಯಾಗಿ ಕಾಣುತ್ತದೆ. ನೀರು ಆ ತರಿಗಳ ಸಂದುಗಳನ್ನು ತುಂಬಿ ಮೈಯನ್ನು ಕ್ಷಣಕಾಲ ನುಣುಪು ಮಾಡುತ್ತದೆ, ಆಗ ಕೆಂಪು ಕಾಣುತ್ತದೆ.

ಇನ್ನು ವರ್ಷಕ್ಕೊಂದು ಕೋಟ್ ಪೇಂಟ್ ಬಿದ್ದರೆ ದೋಣಿಗೆ ಆಯುಸ್ಸು ಎಂಬ ನಂಬಿಕೆಯ ವಿಚಾರ. ಇದು ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ, ಅದರ ಬಗ್ಗೆ ಗೌರವವೂ ಇದೆ. ಕಾವೇರಿಯ ದಡದವರಿಗೆ ದೋಣಿಯೆಂದರೆ ಮೊದಲು ತೆಪ್ಪ. ಬಿದಿರು ಹೆಣೆದು, ಪ್ಲಾಸ್ಟಿಕ್ ಚೀಲದ ಹೊದಿಕೆ ಹಾಕಿ, ಡಾಂಬರು ಕಾಯಿಸಿ ಬಳಿದ ತೆಪ್ಪದಲ್ಲಿ ನೀರನ್ನು ತಡೆಯುವುದೇ ಆ ಡಾಂಬರು. ಅದು ಬಿರುಕು ಬಿಟ್ಟರೆ ನೀರು ಒಳಗೆ ಬರುತ್ತದೆ, ಹಾಗಾಗಿ ಮತ್ತೆ ಮತ್ತೆ ಬಳಿಯಲೇಬೇಕು. ತಲೆಮಾರುಗಳಿಂದ ಕೈಗೆ ಹತ್ತಿದ ಈ ಅಭ್ಯಾಸವನ್ನು ನಾವು ಫೈಬರ್ ದೋಣಿಗೂ ತಂದೆವು. ಆದರೆ ತೆಪ್ಪದ ಡಾಂಬರು ಮಾಡುವ ಕೆಲಸವನ್ನು ಫೈಬರ್ ದೋಣಿಯಲ್ಲಿ ಜೆಲ್‌ಕೋಟ್ ಮೊದಲ ದಿನದಿಂದಲೇ ಮಾಡುತ್ತಿರುತ್ತದೆ. ಅದರ ಮೇಲೆ ಹೊಡೆದ ಎನಾಮೆಲ್ ನೀರನ್ನೂ ತಡೆಯುವುದಿಲ್ಲ, ದೋಣಿಗೆ ಬಲವನ್ನೂ ಕೊಡುವುದಿಲ್ಲ.

ಸಿಪ್ಪೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಜೆಲ್‌ಕೋಟ್ ಹಿಂದಿನ ಮ್ಯಾಟಿನೊಂದಿಗೆ ಬೆಸೆದುಕೊಂಡೇ ಗಟ್ಟಿಯಾಗಿರುವುದರಿಂದ, ಕಟ್ಟುವಾಗ ಒಳಗೆ ಗಾಳಿ ಸಿಕ್ಕಿಕೊಂಡ ಜಾಗಗಳಲ್ಲಿ ಚೂರು ಹಾರುವುದನ್ನು ಬಿಟ್ಟರೆ, ಅದು ಈರುಳ್ಳಿಯಂತೆ ಸುಲಿಯುವ ವಸ್ತುವಲ್ಲ. ಸುಲಿಯುತ್ತಿರುವುದು ನೀವು ಹೊಡೆಸಿದ ಎನಾಮೆಲ್. ಕಳೆದ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ದೋಣಿಯವರೊಬ್ಬರು, "ಹೋದ್ ವರ್ಸವೇ ಎಲ್ಡು ಕೋಟು ಹೊಡ್ಸಿದ್ದೆ ಸಾ, ಆಗ್ಲೇ ಸುಲ್ಕೊಂಡೋಯ್ತು" ಎಂದು ಬೇಸರದಿಂದ ತಮ್ಮ ದೋಣಿಯನ್ನು ತೋರಿಸಿದರು. ನಾನು ಅಂಗೈಯಗಲದ ಒಂದು ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ ತಿರುವಿ ಹಾಕಿದೆ. ಮುಂಭಾಗ ಹೊಳೆಯುವ ನೀಲಿ. ಹಿಂಭಾಗದಲ್ಲಿ ಕುಂಕುಮ ಸವರಿದ ಹಾಗೆ, ಒಂದು ಚುಕ್ಕೆಯಷ್ಟೂ ಜಾಗ ಬಿಡದೆ, ದೋಣಿಯ ಹಳೆಯ ಕೆಂಪು ಪುಡಿ ಅಂಟಿಕೊಂಡಿತ್ತು. ಪೇಂಟ್ ಅಂಟಿಕೊಳ್ಳುವ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು, ಆದರೆ ಅಂಟಿಕೊಂಡದ್ದು ಪುಡಿಗೆ. ಪುಡಿ ದೋಣಿಗೆ ಅಂಟಿರಲಿಲ್ಲ. ನಿಮ್ಮ ದೋಣಿಯ ಸಿಪ್ಪೆಯನ್ನೂ ಹೀಗೆಯೇ ತಿರುವಿ ನೋಡಿ.

ಪುಡಿಯನ್ನು ತೆಗೆದು ಹೊಡೆದರೆ ನಿಲ್ಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಂದೆರಡು ತಿಂಗಳು ಹೆಚ್ಚು ನಿಲ್ಲಬಹುದು, ಅಷ್ಟೇ. ಕಿಟಕಿ, ಗೇಟುಗಳಿಗೆ ಹೊಡೆಯುವ ಸಾಮಾನ್ಯ ಎನಾಮೆಲ್ ಸದಾ ನೀರಿನೊಳಗೆ ಇರುವ ಮೈಗಾಗಿ ತಯಾರಾದದ್ದಲ್ಲ. ದಿನಗಟ್ಟಲೆ ನೆನೆದರೆ ಮೆತ್ತಗಾಗಿ ಗುಳ್ಳೆ ಎದ್ದು ಬಿಡುತ್ತದೆ. ಅದಲ್ಲದೆ, ಪುಡಿಯನ್ನು ನಿಜವಾಗಿಯೂ ಪೂರ್ತಿ ತೆಗೆದಿದ್ದೇ ಆದರೆ ಅದರ ಕೆಳಗೆ ಹೊಸದರಂತಿರುವ ಕೆಂಪು ನಿಮಗೆ ಸಿಕ್ಕಿರುತ್ತದೆ. ಅದನ್ನು ಮುಚ್ಚಿ ಇನ್ನೊಂದು ಬಣ್ಣ ಬಳಿಯುವುದೇಕೆ?

ಇದೇ ನಂಬಿಕೆಯ ಇನ್ನೊಂದು ರೂಪವೆಂದರೆ ಕೊಬ್ಬರಿ ಎಣ್ಣೆ, ಡೀಸೆಲ್, ಹಳೆಯ ಎಂಜಿನ್ ಆಯಿಲ್ ಒರೆಸುವುದು. ಒರೆಸಿದ ದಿನ ದೋಣಿ ಮಿಂಚುತ್ತದೆ, ಏಕೆಂದರೆ ಚೊಂಬಿನ ನೀರು ಮಾಡಿದ್ದನ್ನೇ ಎಣ್ಣೆಯೂ ಮಾಡುತ್ತದೆ, ಆರುವುದು ಮಾತ್ರ ನಿಧಾನ. ವಾರ ಕಳೆಯುವುದರೊಳಗೆ ಅದಕ್ಕೆ ದೂಳು ಮೆತ್ತಿಕೊಳ್ಳುತ್ತದೆ. ಮುಂದೆ ಯಾವುದೇ ರಿಪೇರಿಗೆ ಹೋದರೂ ಆ ಎಣ್ಣೆ ಅಡ್ಡ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಹಳೆಯ ಎನಾಮೆಲನ್ನು ಮೊಂಡಾದ ಪಟ್ಟಿಯಿಂದ ಕೆರೆದು, ಉಳಿದದ್ದನ್ನು 320ರ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನುಣುಪು) ನೀರು ಹಾಕಿ ತಿಕ್ಕಿ ತೆಗೆಯಿರಿ. ಪೇಂಟ್ ರಿಮೂವರ್ ಹಚ್ಚಬೇಡಿ, ಬ್ಲೋಲ್ಯಾಂಪ್ ಹಿಡಿಯಬೇಡಿ. ಇವು ಪೇಂಟನ್ನೂ ಜೆಲ್‌ಕೋಟನ್ನೂ ಬೇರೆ ಮಾಡಿ ನೋಡುವುದಿಲ್ಲ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಿ. ಅನಂತರ 600, 800, 1000, 1500 ಎಂಬ ಕ್ರಮದಲ್ಲಿ ವಾಟರ್ ಪೇಪರ್ ಹಿಡಿದು, ನೀರು ಬಿಡುತ್ತ, ಚಪ್ಪಟೆಯಾದ ರಬ್ಬರ್ ತುಂಡಿಗೆ ಸುತ್ತಿ ಉಜ್ಜಿ. ಒಂದು ನಂಬರನ್ನು ಹಾರಿಸಿ ಮುಂದಕ್ಕೆ ಹೋದರೆ ಹಿಂದಿನ ಗೀರು ಹೊಳಪಿನ ಕೆಳಗೆ ಹಾಗೆಯೇ ಉಳಿಯುತ್ತದೆ. ನಾನು ಪ್ರತಿ ನಂಬರಿಗೂ ಮೊದಲು ಮೈಮೇಲೆ ಸೀಸದ ಕಡ್ಡಿಯಿಂದ ಅಡ್ಡಡ್ಡ ಉದ್ದುದ್ದ ಗೆರೆ ಎಳೆಯುತ್ತೇನೆ. ಗೆರೆ ಅಳಿದ ಕಡೆ ಕೈ ಬಿದ್ದಿದೆ, ಉಳಿದ ಕಡೆ ಬಿದ್ದಿಲ್ಲ. ಅಂಚು, ಮೂಲೆಗಳಲ್ಲಿ ಜೆಲ್‌ಕೋಟ್ ತೆಳುವಾಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ. ನೀರು ಹಾಕಿ ಉಜ್ಜಿದರೆ ದೂಳು ಏಳುವುದಿಲ್ಲ. ಒಣಗಿದ್ದನ್ನು ಉಜ್ಜಲೇಬೇಕಾಗಿ ಬಂದರೆ ಮಾಸ್ಕ್ ಇಲ್ಲದೆ ಕೂರಬೇಡಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹೊಳಪು ಬರಿಸುವುದು ರಬ್ಬಿಂಗ್ ಕಾಂಪೌಂಡ್ ಎಂಬ ಪಾಲಿಷ್ ಪೇಸ್ಟ್ ಮತ್ತು ಉಣ್ಣೆಯ ಪ್ಯಾಡಿನಿಂದ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸುವುದು. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಜೆಲ್‌ಕೋಟಿಗೆ ಬೇಕಾದ್ದು 1,500ರಿಂದ 2,000 ಸುತ್ತು. ವೇಗ ಹೆಚ್ಚಾದರೆ ಕಾವು ಹೆಚ್ಚಿ ಮೈ ಸುಟ್ಟು ಹಳದಿ ಕಲೆ ಬೀಳುತ್ತದೆ. ಪಾಲಿಷರ್ ಬಾಡಿಗೆಗೆ ಸಿಗದಿದ್ದರೆ ಕೈಯಿಂದಲೇ ಉಜ್ಜಿ, ತಡವಾಗುತ್ತದೆಯೇ ಹೊರತು ಕೆಡುವುದಿಲ್ಲ. ಕೊನೆಗೆ ಕಾರ್ನೌಬಾ ಎಂಬ ತಾಳೆಜಾತಿಯ ಮರದ ಮೇಣವನ್ನು ತೆಳುವಾಗಿ ಹಚ್ಚಿ ಒರೆಸಿ. ನಮ್ಮ ಬಿಸಿಲಿಗೆ ವರ್ಷಕ್ಕೆ ಎರಡು ಸಲವಾದರೂ ಮೇಣ ಬೀಳಬೇಕು. ಪೇಂಟಿಗೆ ಇಡುತ್ತಿದ್ದ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಇಟ್ಟರೆ ಸಾಕು.

ಚೂರು ಹಾರಿದ ಜಾಗಕ್ಕೆ ಅದೇ ಬಣ್ಣದ ಜೆಲ್‌ಕೋಟ್ ತುಂಬಬೇಕು. 100 ಗ್ರಾಮಿಗೆ 2 ಗ್ರಾಮಿನಷ್ಟು ಹಾರ್ಡನರ್ (ಗಟ್ಟಿ ಮಾಡುವ ದ್ರವ) ಸಾಕು, ಏಪ್ರಿಲ್ ಬಿಸಿಲಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ, ತುಂಬಿದ ಮೇಲೆ ಓಎಚ್‌ಪಿ ಶೀಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಮುಚ್ಚಿ ಟೇಪ್ ಹಾಕಿ. ಅಂಗಡಿಯಲ್ಲಿ ಕೋಬಾಲ್ಟ್ (ಬೇಗ ಗಟ್ಟಿಯಾಗಲೆಂದು ಬೆರೆಸುವ ದ್ರವ) ಮತ್ತು ಹಾರ್ಡನರ್ ಎರಡನ್ನೂ ಕೊಟ್ಟರೆ ಮೊದಲು ಕೋಬಾಲ್ಟನ್ನು ಜೆಲ್‌ಕೋಟಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್ ಹಾಕಬೇಕು. ಆ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಕನ್ನಡಕವಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಪೇಂಟ್ ಬೇಕೇಬೇಕಾದ ದೋಣಿಗಳೂ ಇವೆ. ಉಜ್ಜುವಾಗ ಬಣ್ಣದ ಹಿಂದಿನಿಂದ ಮ್ಯಾಟಿನ ಎಳೆಗಳು ಕಾಣತೊಡಗಿದರೆ ಜೆಲ್‌ಕೋಟ್ ಮುಗಿದಿದೆ ಎಂದರ್ಥ. ಅಂಥದಕ್ಕೆ ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನಿನ ಪ್ರೈಮರ್ ಹೊಡೆದು, ನೀರಿನ ಮಟ್ಟದಿಂದ ಮೇಲಕ್ಕೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ಬಳಸಬಹುದು. ಅದರ ಹಾರ್ಡನರ್ ಉಸಿರಾಟಕ್ಕೆ ಬಹಳ ಕೆಟ್ಟದ್ದು, ಸ್ಪ್ರೇ ಮಾಡುವುದಾದರೆ ಬಟ್ಟೆ ಕಟ್ಟಿಕೊಂಡರೆ ಸಾಲದು. ತಳದಲ್ಲಿ ಗುಳ್ಳೆಗಳಿದ್ದು, ಚುಚ್ಚಿದಾಗ ಹುಳಿವಾಸನೆಯ ನೀರು ಬಂದರೆ ಅದು ಬೇರೆಯೇ ಕಾಯಿಲೆ. ಗುಳ್ಳೆಗಳನ್ನೆಲ್ಲ ತೆರೆದು, ತೊಳೆದು, ದೋಣಿಯನ್ನು ವಾರಗಟ್ಟಲೆ ನೆರಳಲ್ಲಿ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಬೇಕಾಗುತ್ತದೆ. ಎಪಾಕ್ಸಿ ಹಾಕಿದ ಜಾಗದ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ನೀವು ಕೇಳಿಲ್ಲ, ಆದರೂ ತೆಪ್ಪದ ಮಾತು ಬಂದದ್ದರಿಂದ ಫೈಬರ್ ತೆಪ್ಪದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದರ ಹೊರಮೈಗಿಂತ ನನಗೆ ಒಳಮೈಯದೇ ಹೆಚ್ಚಿನ ಚಿಂತೆ. ಜೆಲ್‌ಕೋಟ್ ಇರುವುದು ಅಚ್ಚಿಗೆ ತಾಗಿದ ಹೊರಗಡೆಗೆ ಮಾತ್ರ. ಒಳಗಡೆ ಸಾಮಾನ್ಯವಾಗಿ ಬರಿಯ ರೆಸಿನ್ ಕುಡಿದ ಮ್ಯಾಟ್ ಇರುತ್ತದೆ. ಬಲೆ, ಹುಟ್ಟು, ಕಾಲು ಉಜ್ಜಿ ಉಜ್ಜಿ ಮೇಲಿನ ರೆಸಿನ್ ಸವೆದಾಗ ಗಾಜಿನ ಎಳೆಗಳು ತಲೆ ಎತ್ತುತ್ತವೆ. ಇಡೀ ರಾತ್ರಿ ಬಲೆ ಎಳೆದವರು ಮೊಣಕಾಲು ತುರಿಕೆ ಎಂದು ಮುಲಾಮು ಹಚ್ಚಿಕೊಳ್ಳುವುದನ್ನು ಕಂಡಿದ್ದೇನೆ. ಅವರ ಚರ್ಮದಲ್ಲಿದ್ದದ್ದು ತೆಪ್ಪದ ಗಾಜು. ಆ ಎಳೆಗಳ ಸಂದಿನಿಂದಲೇ ನೀರು ಒಳಗಿಳಿದು ತೆಪ್ಪ ವರ್ಷದಿಂದ ವರ್ಷಕ್ಕೆ ಭಾರವಾಗುತ್ತದೆ. ಇದಕ್ಕೂ ಎನಾಮೆಲ್ ಮದ್ದಲ್ಲ. ಒಳಮೈಯನ್ನು 80ರ ಪೇಪರಿನಿಂದ ಉಜ್ಜಿ, ತೊಳೆದು, ನಾಲ್ಕು ದಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೇಣದ ದ್ರಾವಣ ಬೆರೆಸಿದ ಜೆಲ್‌ಕೋಟನ್ನು ಬ್ರಷ್ಷಿನಿಂದ ದಪ್ಪಗೆ ಬಳಿಯಬೇಕು. ಮೇಣ ಮೇಲಕ್ಕೆ ತೇಲಿ ಗಾಳಿಯನ್ನು ತಡೆಯುವುದರಿಂದ ಅದು ಅಂಟಾಗದೆ ಒಣಗುತ್ತದೆ. ಮೊಣಕಾಲೂರುವ ಜಾಗದಲ್ಲಿ ಅದು ಹಸಿಯಿರುವಾಗಲೇ ಜರಡಿ ಹಿಡಿದ ಸಣ್ಣ ಮರಳನ್ನು ಹಗುರವಾಗಿ ಉದುರಿಸಿದರೆ ಒದ್ದೆಯಾದಾಗಲೂ ಜಾರುವುದಿಲ್ಲ. ಮಾರನೆಯ ದಿನ ತೆಪ್ಪವನ್ನು ಹೊಂಗೆ ಮರದ ನೆರಳಿನಲ್ಲಿ ಎರಡು ಹಳೆಯ ಟೈರುಗಳ ಮೇಲೆ ಬೋರಲು ಹಾಕಿ, ಕೆಳಗೆ ಗಾಳಿಯಾಡುವ ಹಾಗೆ ಒಂದು ವಾರ ಬಿಡಿ.